ಬೆನ್ನು ಹತ್ತುವ ಗುಂಡು: ನಿಮ್ಮ ಗೇಮ್‌ಗೆ ತರುವುದು ಹೇಗೆ?

1985ರ ಸೂಪರ್ ಮಾರಿಯೊ ಬ್ರದರ್ಸ್ ಆಡಿದವರಿಗೆ ಬುಲೆಟ್ ಬಿಲ್ ಗೊತ್ತಿರುತ್ತದೆ. ಫಿರಂಗಿಯಿಂದ ಹೊರಟು ಸುಮ್ನೆ ನೇರವಾಗಿ ಹೋಗುವ ಕಪ್ಪು ಗುಂಡು. ಹಾರಿ ದಾಟಿದರೆ ಮುಗಿಯಿತು. 1988ರಲ್ಲಿ ಬಂದ ಮೂರನೇ ಆಟದಲ್ಲಿ ಇದರದೇ ಇನ್ನೊಂದು ಜಾತಿ ಇದೆ. ಮಿನುಗುತ್ತಾ ಬರುತ್ತದೆ. ದಾಟಿದೆವು ಅಂದುಕೊಳ್ಳುವಷ್ಟರಲ್ಲಿ ತಿರುಗಿ ಮತ್ತೆ ಬೆನ್ನು ಹತ್ತುತ್ತದೆ.

ಅಂಥದ್ದೊಂದನ್ನು ನಾವೇ ಮಾಡೋಣ. ಗೇಮ್ ಮಾಡುವ ತಂತ್ರಾಂಶ ಗೋಡಾಟ್ 4 ಸಾಕು, ಅದು ಪೂರ್ತಿ ಉಚಿತ. ಓಡುವ, ಜಿಗಿಯುವ ಪಾತ್ರವೊಂದು ನಿಮ್ಮ ಗೇಮ್‌ನಲ್ಲಿ ಈಗಾಗಲೇ ಇರಬೇಕು.

ಹಂತ 1: ಗುಂಡಿನ ಸೀನ್

ಹೊಸ ಸೀನ್ ತೆರೆದು ಏರಿಯಾ2ಡಿ ನೋಡ್ ಹಾಕಿ. ಸೀನ್ ಕಟ್ಟುವ ಒಂದೊಂದು ತುಂಡೂ ಒಂದು ನೋಡ್; ಏರಿಯಾ2ಡಿ ತನ್ನ ಜಾಗಕ್ಕೆ ಏನಾದರೂ ಬಂದರೆ ತಿಳಿಸುತ್ತದೆ. ಅದರೊಳಗೆ ಚಿತ್ರಕ್ಕೊಂದು ಸ್ಪ್ರೈಟ್, ಡಿಕ್ಕಿ ಗುರುತಿಸಲು ಕೊಲಿಷನ್ ಶೇಪ್, ಜೊತೆಗೆ ಒಂದು ಟೈಮರ್. ಗುಂಡಿನ ಮೂಗು ಬಲಕ್ಕೆ ಇರುವಂತೆ ಚಿತ್ರ ಬರೆಯಿರಿ. ಗೋಡಾಟ್‌ಗೆ ಸೊನ್ನೆ ಡಿಗ್ರಿ ಅಂದರೆ ಬಲಗಡೆ.

ಹಂತ 2: ಗುರಿ

ಆಟಗಾರನ ಸ್ಥಾನದಿಂದ ಗುಂಡಿನ ಸ್ಥಾನವನ್ನು ಕಳೆದರೆ ಯಾವ ಕಡೆ ಹೋಗಬೇಕು ಅನ್ನುವುದು ಸಿಗುತ್ತದೆ. ಒಂದು ಎಚ್ಚರ: ಪ್ಲಾಟ್‌ಫಾರ್ಮ್ ಗೇಮ್‌ಗಳಲ್ಲಿ ಪಾತ್ರದ ಸ್ಥಾನವನ್ನು ಎಷ್ಟೋ ಸಲ ಪಾದದ ಹತ್ತಿರ ಇಟ್ಟಿರುತ್ತಾರೆ. ಆಗ ಗುಂಡು ಪಾದಕ್ಕೆ ಗುರಿಯಿಟ್ಟು ನೆಲಕ್ಕೆ ಬಡಿದು ಸಾಯುತ್ತದೆ. ಪಾತ್ರದ ಎದೆಯ ಮಟ್ಟದಲ್ಲಿ ಒಂದು ಮಾರ್ಕರ್ (ಜಾಗ ಗುರುತಿಸುವ ನೋಡ್) ಇಟ್ಟು ಅದನ್ನೇ ಗುರಿ ಮಾಡಿ.

ಹಂತ 3: ತಿರುಗುವುದು

ಇಡೀ ಆಟ ನಿಂತಿರುವುದು ಇಲ್ಲಿ. ಗುಂಡಿನ ಮೂಗನ್ನು ಪ್ರತಿ ಫ್ರೇಮಿನಲ್ಲೂ ಆಟಗಾರನ ಕಡೆಗೇ ತಿರುಗಿಸಿಬಿಡುವುದು ಎಲ್ಲಕ್ಕಿಂತ ಸುಲಭ. ನಾನೂ ಮೊದಲು ಹಾಗೇ ಮಾಡಿದ್ದೆ. ಹಾರಿದರೆ ಮೇಲೆ ಬಂತು, ಬಗ್ಗಿದರೆ ಕೆಳಗೆ ಬಂತು. ತಪ್ಪಿಸಿಕೊಳ್ಳಲು ದಾರಿಯೇ ಇರಲಿಲ್ಲ.

ಖೊಖೊ ನೆನಪಿಸಿಕೊಳ್ಳಿ. ಬೆನ್ನಟ್ಟುವವರು ಒಂದು ದಿಕ್ಕು ಹಿಡಿದ ಮೇಲೆ ನಡುವೆ ವಾಪಸ್ ತಿರುಗುವಂತಿಲ್ಲ. ಆ ಕಟ್ಟು ಇರುವುದರಿಂದಲೇ ಓಡುವವರಿಗೆ ನುಸುಳಿಕೊಳ್ಳಲು ಜಾಗ ಸಿಗುತ್ತದೆ. ನಮ್ಮ ಗುಂಡಿಗೂ ಅಂಥದ್ದೊಂದು ಕಟ್ಟು ಬೇಕು, ಅಲ್ವಾ? ಅದು ಸೆಕೆಂಡಿಗೆ ಇಷ್ಟೇ ತಿರುಗಬೇಕು ಎಂಬ ಮಿತಿ.

ವೇಗ ಸೆಕೆಂಡಿಗೆ 200 ಪಿಕ್ಸೆಲ್, ತಿರುಗುವ ಮಿತಿ ಸೆಕೆಂಡಿಗೆ 2 ರೇಡಿಯನ್, ಅಂದರೆ ಸುಮಾರು 115 ಡಿಗ್ರಿ ಇಡಿ. ವೇಗವನ್ನು ಮಿತಿಯಿಂದ ಭಾಗಿಸಿ: 100. ಗುಂಡು ಹೊಡೆಯುವ ಸುತ್ತಿನ ತ್ರಿಜ್ಯ ಇದು. ಪೂರ್ತಿ ಹಿಂದಕ್ಕೆ ತಿರುಗಲು ಅದಕ್ಕೆ ಒಂದೂವರೆ ಸೆಕೆಂಡಿಗಿಂತ ಸ್ವಲ್ಪ ಜಾಸ್ತಿ ಬೇಕು. ಆಟಗಾರ ಉಸಿರು ಬಿಡುವುದು ಆ ಹೊತ್ತಿನಲ್ಲೇ.

ಕೋಡ್ ಬರೆಯುವಾಗ ಕೋನಗಳನ್ನು ನೇರವಾಗಿ ಕಳೆಯಬೇಡಿ. 179 ಡಿಗ್ರಿಗೂ ಮೈನಸ್ 179ಕ್ಕೂ ನಿಜವಾದ ಅಂತರ ಬರೀ 2 ಡಿಗ್ರಿ. ಲೆಕ್ಕ ಮಾತ್ರ 358 ಅನ್ನುತ್ತದೆ, ಗುಂಡು ಉಲ್ಟಾ ಸುತ್ತು ಹಾಕುತ್ತದೆ. ಗೋಡಾಟ್‌ನ ಈಚಿನ ಆವೃತ್ತಿಗಳಲ್ಲಿರುವ 'ರೊಟೇಟ್ ಟುವರ್ಡ್' ಫಂಕ್ಷನ್ ಹತ್ತಿರದ ದಾರಿಯನ್ನು ತಾನೇ ಹಿಡಿಯುತ್ತದೆ. ಈಗಿನ ಕೋನ, ಬೇಕಾದ ಕೋನ, ಮಿತಿಯನ್ನು ಡೆಲ್ಟಾದಿಂದ (ಹಿಂದಿನ ಫ್ರೇಮಿನಿಂದ ಕಳೆದ ಸಮಯ) ಗುಣಿಸಿದ ಸಂಖ್ಯೆ, ಈ ಮೂರನ್ನು ಕೊಡಿ. ಆಮೇಲೆ ಮೂಗಿನ ದಿಕ್ಕಿಗೆ ಗುಂಡನ್ನು ಮುಂದಕ್ಕೆ ಸರಿಸಿ.

ಹಂತ 4: ಗುಂಡಿನ ಕೊನೆ

ಟೈಮರ್‌ಗೆ 4 ಸೆಕೆಂಡ್ ಕೊಡಿ, ಮುಗಿದಾಗ ಸಿಡಿಯಲಿ. ಕೊನೆಯ ಅರ್ಧ ಸೆಕೆಂಡ್ ಕೆಂಪಗೆ ಮಿನುಗಲಿ. ಗೋಡೆಗೆ ಬಡಿದರೂ ಸಿಡಿಯಬೇಕು. ಗುಂಡನ್ನು ಆಸೆ ತೋರಿಸಿ ಕರೆತಂದು ಕಂಬಕ್ಕೆ ಬಡಿಸುವುದರಲ್ಲಿ ಇರುವ ಖುಷಿಯೇ ಬೇರೆ. ಆಟಗಾರ ಸತ್ತು ಸೀನ್‌ನಿಂದ ಹೋದ ಮೇಲೂ ಗುಂಡು ಅವನನ್ನು ಹುಡುಕಿದರೆ ಗೇಮ್ ಎರರ್ ಕೊಟ್ಟು ನಿಲ್ಲುತ್ತದೆ. ಹಾಗಾಗಿ ಅವನು ಇದ್ದಾನೆಯೇ ಎಂದು ಪ್ರತಿ ಸಲ ನೋಡಿ, ಇಲ್ಲದಿದ್ದರೆ ಗುಂಡು ನೇರವಾಗಿ ಹೋಗಲಿ.

ಹಂತ 5: ಫಿರಂಗಿ

ಹಾರಿಸುವ ಮೊದಲು ಒಂದು ಸದ್ದು ಬರಲಿ. ಆಟಗಾರ ಪಕ್ಕದಲ್ಲೇ ನಿಂತಿದ್ದರೆ ಹಾರಿಸುವುದೇ ಬೇಡ. ಹಳೇ ಮಾರಿಯೊದ ಫಿರಂಗಿಯೂ ಹೀಗೇ, ಪಕ್ಕಕ್ಕೆ ಹೋಗಿ ನಿಂತರೆ ಗುಂಡು ಬಿಡುವುದಿಲ್ಲ.

ಈಗ ಆಡಿ ನೋಡಿ. ಆಟ ಕಷ್ಟವಾಗಲಿ ಅಂತ ಬರೀ ವೇಗ ಹೆಚ್ಚಿಸಬೇಡಿ. 400 ಮಾಡಿದರೆ ಸುತ್ತಿನ ತ್ರಿಜ್ಯವೂ 200 ಆಗುತ್ತದೆ. ಗುಂಡು ಬೇಗ ಬರುತ್ತದೆ, ಆದರೆ ಒಮ್ಮೆ ತಪ್ಪಿಸಿಕೊಂಡರೆ ದೂರ ಹೋಗಿ ತಿರುಗುತ್ತದೆ. ವೇಗ 200ರಲ್ಲೇ ಇರಲಿ. ಮೊದಲ ಲೆವೆಲ್‌ಗಳಲ್ಲಿ ಮಿತಿ 1.5 ಇಟ್ಟು, ಮುಂದೆ 2.5ರವರೆಗೆ ಏರಿಸಿ.