ರೆಕಾರ್ಡ್ ರೂಮಿನಿಂದ ಹಳೇ ಪಹಣಿ ತೆಗೆಸಿದ ಬಗೆ

ಚಿಕ್ಕಪ್ಪನ ಹೊಲ ಕಂಪ್ಯೂಟರ್ ಪಹಣಿಯಲ್ಲಿ 1 ಎಕರೆ 2 ಗುಂಟೆ, ಊರವರ ಬಾಯಲ್ಲಿ 1 ಎಕರೆ 12 ಗುಂಟೆ. ನಾಡಕಚೇರಿಯಲ್ಲಿ ಕೇಳಿದರೆ "ಸಿಸ್ಟಮ್‌ನಲ್ಲಿ ಇರೋದೇ ಇಷ್ಟು" ಅಂದರು. ಭೂಮಿ ಯೋಜನೆಯಲ್ಲಿ ಪಹಣಿಗಳು ಕಂಪ್ಯೂಟರಿಗೆ ಏರಿದ್ದು 2000ದ ಆಸುಪಾಸಿನಲ್ಲಿ. ಅದಕ್ಕಿಂತ ಹಿಂದಿನದು ಬೇಕೆಂದರೆ ಕೈಬರಹದ ಪುಸ್ತಕವೇ ಗತಿ. ಅದಿರುವುದು ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ.

ಹೋಗುವ ಮುಂಚೆ ಮನೆಯಲ್ಲೇ ಮುಗಿಸುವ ಕೆಲಸ ಒಂದಿದೆ. ಪಹಣಿ ಕೈಗೆ ಬಂದರೆ ಎಲ್ಲರ ಕಣ್ಣೂ 9ನೇ ಕಾಲಂಗೇ ಹೋಗುತ್ತದೆ, ಹೆಸರು ಮತ್ತು ವಿಸ್ತೀರ್ಣ ಇರುವುದು ಅಲ್ಲಿ. ದಾಖಲೆ ಹುಡುಕುವವರಿಗೆ ಬೇಕಾದದ್ದು 10ನೇ ಕಾಲಂ. ಜಮೀನು ಆ ಹೆಸರಿಗೆ ಹೇಗೆ ಬಂತು ಎಂಬುದು ಅಲ್ಲಿರುತ್ತದೆ. ನಮ್ಮದರಲ್ಲಿ 'ಎಂಆರ್ 7/1986-87' ಅಂತಿತ್ತು, ಅಂದರೆ ಆ ಸಾಲಿನ ಮ್ಯುಟೇಶನ್ ರಿಜಿಸ್ಟರಿನ (ಜಮೀನಿನ ಹಕ್ಕು ಬದಲಾದದ್ದನ್ನು ಬರೆಯುವ ಪುಸ್ತಕ) 7ನೇ ನಮೂದು. ಈ ನಂಬರ್ ಕೊಟ್ಟರೆ ಗುಮಾಸ್ತರು ತೆಗೆಯಬೇಕಾದ್ದು ಒಂದೇ ಪುಸ್ತಕ. "ನಮ್ಮ ಜಮೀನಿನ ಹಳೇ ದಾಖಲೆಗಳನ್ನೆಲ್ಲ ಕೊಡಿ" ಅಂತ ಬರೆದರೆ ಯಾವ ಕಪಾಟು ತೆರೆಯಬೇಕೆಂದು ಅವರಿಗೂ ಗೊತ್ತಾಗುವುದಿಲ್ಲ. ಪೋಡಿ ಆಗಿ, ಅಂದರೆ ಜಮೀನನ್ನು ಅಳೆದು ಭಾಗ ಮಾಡಿ, ಪ್ರತಿ ಭಾಗಕ್ಕೆ ಹಿಸ್ಸಾ ನಂಬರ್ ಬಿದ್ದಿದ್ದರೆ ಮೂಲ ಸರ್ವೆ ನಂಬರನ್ನೂ ಸೇರಿಸಬೇಕು, ಹಳೇ ಪುಸ್ತಕದಲ್ಲಿ ಹಿಸ್ಸಾ ಕಾಣಿಸದೇ ಇರಬಹುದು. ಇದನ್ನು ಹೇಳಿಕೊಟ್ಟವರು ಕಚೇರಿ ಎದುರಿನ ಮರದಡಿ ಅರ್ಜಿ ಬರೆದುಕೊಡುವವರು. ಒಳಗಿನವರಿಗಿಂತ ಅವರಿಗೇ ಹೆಚ್ಚು ಗೊತ್ತು.

ಮೊದಲು ಮಾಮೂಲಿ ನಕಲು ಅರ್ಜಿ ಹಾಕಿದೆ. ಆ ದಾರಿ ತೆರೆದಿರುವಾಗ ನೇರ ಮಾಹಿತಿ ಹಕ್ಕಿಗೆ ಹೋಗುವುದು ನನಗೆ ಇಷ್ಟವಿಲ್ಲ, ಸುಮ್ಮನೆ ಮನಸ್ತಾಪ. ಕೆಲವು ವಾರ ಬಿಟ್ಟು ಹೋದರೆ "ಪುಸ್ತಕ ಸಿಗ್ತಾ ಇಲ್ಲ ಸಾರ್" ಅಂದರು. ಹಾಗಿದ್ದರೆ ಅದನ್ನೇ ಹಿಂಬರಹದಲ್ಲಿ, ಅಂದರೆ ಕಚೇರಿಯ ಲಿಖಿತ ಉತ್ತರವಾಗಿ, ಕೊಡಿ ಅಂದೆ. ಅದನ್ನೂ ಕೊಡಲಿಲ್ಲ. ಬಾಯಲ್ಲಿ "ಇಲ್ಲ" ಅನ್ನುವುದು ಸಲೀಸು. ಸರ್ಕಾರಿ ದಾಖಲೆ ಕಳೆದಿದೆ ಎಂದು ಬರೆದು ಸಹಿ ಹಾಕಿದರೆ ನಾಳೆ ಅದಕ್ಕೆ ಯಾರಾದರೂ ಜವಾಬು ಕೊಡಬೇಕಾಗುತ್ತದೆ.

ಆಮೇಲೆ ಮಾಹಿತಿ ಹಕ್ಕು ಅರ್ಜಿ, 10 ರೂಪಾಯಿಯ ಪೋಸ್ಟಲ್ ಆರ್ಡರ್ ಜೊತೆಗೆ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ಮಿತಿ ನನಗೆ ಅಡ್ಡಿಯಾಗಲಿಲ್ಲ, ಕಥೆ ಹೇಳುವ ಚಪಲಕ್ಕೆ ಅದೇ ಕಡಿವಾಣ. ಹತ್ತು ಗುಂಟೆ ಯಾಕೆ ಕಡಿಮೆಯಾಯಿತು ಅಂತ ಕೇಳಲೇ ಇಲ್ಲ. "ಯಾಕೆ" ಅಂದರೆ ಅದು ಮಾಹಿತಿಯ ವ್ಯಾಪ್ತಿಗೆ ಬರುವುದಿಲ್ಲ ಅಂತ ವಾಪಸ್ ಬರುತ್ತದೆ. ಊರು, ಸರ್ವೆ ನಂಬರ್, ಪಹಣಿಯ ಸಾಲು, ಎಂಆರ್ ನಂಬರ್ ಬರೆದು, ಕೊನೆಗೆ ಹೀಗೆ ಸೇರಿಸಿದೆ: "ಕಲಂ 2(ಜೆ) ಪ್ರಕಾರ ಸದರಿ ಪುಸ್ತಕಗಳನ್ನು ಖುದ್ದು ಪರಿಶೀಲಿಸಲು ದಿನಾಂಕ ನಿಗದಿಪಡಿಸುವುದು. ದಾಖಲೆ ಲಭ್ಯವಿಲ್ಲದಿದ್ದಲ್ಲಿ ಹಾಗೆಂದು ಲಿಖಿತವಾಗಿ ತಿಳಿಸುವುದು."

ಕೆಲಸ ಮಾಡಿದ್ದು ಆ ಕೊನೆಯ ಸಾಲು ಅಂತಲೇ ನನ್ನ ನಂಬಿಕೆ. 30 ದಿನದ ಗಡುವು ಮುಗಿಯುತ್ತಾ ಬಂದಾಗ ಕಡತ ನೋಡಿಕೊಳ್ಳುವ ವಿಷಯ ನಿರ್ವಾಹಕರೇ ಫೋನ್ ಮಾಡಿ "ಬಂದು ನೋಡ್ಕೊಳ್ಳಿ" ಅಂದರು. ಗಡುವು ದಾಟಿದ್ದರೆ ಪ್ರತಿಗಳನ್ನು ಪುಕ್ಕಟೆ ಕೊಡಬೇಕಾಗುತ್ತಿತ್ತು, ಮೊದಲ ಮೇಲ್ಮನವಿಗೂ ನಾನು ಸಿದ್ಧನಿದ್ದೆ.

ಕೆಂಪು ಬಟ್ಟೆಯ ಗಂಟು, ಮೇಲೆ ಊರಿನ ಹೆಸರಿನ ಚೀಟಿ. ಪುಸ್ತಕದ ಅಂಚನ್ನು ಹುಳ ತಿಂದಿತ್ತು, ಒಳಗಿನ ಅಕ್ಷರ ಚೆನ್ನಾಗಿಯೇ ಇತ್ತು. ವಿಸ್ತೀರ್ಣದ ಜಾಗದಲ್ಲಿ ನೀಲಿ ಶಾಯಿಯ '1-12'. ಆ 12ರಲ್ಲಿನ '1' ಅಂಕಿ ಮಡಿಕೆಯ ಗೆರೆಯ ಮೇಲೇ ಬಿದ್ದು ತೆಳುವಾಗಿತ್ತು. ಕಂಪ್ಯೂಟರಿಗೆ ಎಂಟ್ರಿ ಮಾಡಿದವರಿಗೆ ಅದು ಕಂಡಿರಲಿಕ್ಕಿಲ್ಲ. ಎಂಆರ್ ಪುಟದಲ್ಲೂ ಅಷ್ಟೇ ವಿಸ್ತೀರ್ಣ.

ಪುಟಕ್ಕೆ 2 ರೂಪಾಯಿಯಂತೆ ಕಟ್ಟಿ ನಕಲು ಪಡೆದೆ. ಬರೀ ಜೆರಾಕ್ಸ್ ಇಟ್ಟುಕೊಂಡು ಪ್ರಯೋಜನವಿಲ್ಲ, ಪ್ರತಿ ಪುಟಕ್ಕೂ ದೃಢೀಕರಣದ ಸೀಲು, ಸಹಿ, ತಾರೀಕು ಹಾಕಿಸಿಕೊಳ್ಳಬೇಕು. ಆಕಾರಬಂದ್ (ಸರ್ವೆ ನಂಬರಿನ ವಿಸ್ತೀರ್ಣ, ಕಂದಾಯದ ಮೂಲ ದಾಖಲೆ) ಮಾತ್ರ ಸರ್ವೆ ಇಲಾಖೆಯವರ ಸುಪರ್ದಿಯಲ್ಲಿರುತ್ತದೆ, ಅದಕ್ಕೆ ಬೇರೆಯೇ ಅರ್ಜಿ. ಅದೂ ಕೈಸೇರಿದ ಮೇಲೆ ಮೂರನ್ನೂ ಲಗತ್ತಿಸಿ ಪಹಣಿ ತಿದ್ದುಪಡಿಗೆ ಚಿಕ್ಕಪ್ಪನ ಸಹಿಯಲ್ಲಿ ತಹಶೀಲ್ದಾರರಿಗೆ ಅರ್ಜಿ ಕೊಟ್ಟಿದ್ದೇವೆ.