ಕಟ್ಟಡ ನಿರ್ಮಾಣ ಮತ್ತು ನಿರ್ವಹಣೆಯ ಕೋರ್ಸ್‌ವರ್ಕ್: ಒಂದೇ ಕಟ್ಟಡವನ್ನು ಹಿಡಿದು ಕಲಿಯುವ ಕ್ರಮ

ನಿರ್ಮಾಣ ನಿರ್ವಹಣೆ ಮತ್ತು ಫೆಸಿಲಿಟಿ ಮ್ಯಾನೇಜ್‌ಮೆಂಟ್ (ಕಟ್ಟಿ ಮುಗಿದ ಕಟ್ಟಡವನ್ನೂ ಅದರ ಸೇವೆಗಳನ್ನೂ ನಡೆಸಿಕೊಂಡು ಹೋಗುವ ಕೆಲಸ) ಓದುವ ವಿದ್ಯಾರ್ಥಿಗೆ ಅಂದಾಜು, ವೇಳಾಪಟ್ಟಿ, ಗುತ್ತಿಗೆ ಕರಾರು, ಕಟ್ಟಡ ಸೇವೆಗಳು, ದುರಸ್ತಿ ಎಂದು ಬಿಡಿಬಿಡಿಯಾಗಿ ಅಸೈನ್‌ಮೆಂಟ್‌ಗಳು ಬರುತ್ತವೆ. ಪ್ರತಿಯೊಂದನ್ನೂ ಬೇರೆ ಬೇರೆ ಕಟ್ಟಡವನ್ನು ಉದಾಹರಣೆಯಾಗಿಟ್ಟುಕೊಂಡು ಮಾಡಿ ಮುಗಿಸಿದರೆ ಅಂಕಗಳು ಸಿಗಬಹುದು. ಆದರೆ ನಕ್ಷೆಯಲ್ಲಿ ಎಳೆದ ಒಂದು ಗೆರೆ ಹತ್ತು ವರ್ಷಗಳ ನಂತರ ದುರಸ್ತಿಯವನಿಗೆ ಏನು ಮಾಡುತ್ತದೆ ಎಂಬುದು ಕಾಣುವುದಿಲ್ಲ. ಆದ್ದರಿಂದ ಮೊದಲ ಸೆಮಿಸ್ಟರ್‌ನಲ್ಲಿಯೇ ಒಂದು ಸಣ್ಣ ಕಟ್ಟಡವನ್ನು ಆರಿಸಿಕೊಂಡು, ಅಧ್ಯಾಪಕರು ಒಪ್ಪುವಷ್ಟರ ಮಟ್ಟಿಗೆ, ಎಲ್ಲ ಅಸೈನ್‌ಮೆಂಟ್‌ಗಳನ್ನೂ ಅದರ ಮೇಲೆಯೇ ಮಾಡುವುದು ಒಳ್ಳೆಯದು. ಎರಡು ಅಂತಸ್ತು, ಒಂದು ನೀರಿನ ಟ್ಯಾಂಕ್, ಒಂದು ಪಂಪು, ಒಂದು ವಿದ್ಯುತ್ ಪ್ಯಾನಲ್ ಇದ್ದರೆ ಸಾಕು. ಬಹುಮಹಡಿ ಕಟ್ಟಡದ ಆಕರ್ಷಣೆ ಬೇಡ. ಅದರ ಅರ್ಧದಷ್ಟು ಲೆಕ್ಕವೂ ಕೈಗೆ ಹತ್ತುವುದಿಲ್ಲ.

ಮೊದಲು ಸಾಮಗ್ರಿಗಳ ಪ್ರಮಾಣಗಳನ್ನು ಕೈಯಿಂದಲೇ ಲೆಕ್ಕ ಹಾಕಬೇಕು. ಸಾಫ್ಟ್‌ವೇರ್ ಕೊಡುವ ಅಂಕಿ ಸರಿಯೇ ಎಂದು ಅಳೆಯುವ ಶಕ್ತಿ ಬರುವುದು ಹೀಗೆ ಮಾಡಿದಾಗ ಮಾತ್ರ. ಉದಾಹರಣೆಗೆ, ಕಾಂಕ್ರೀಟಿನೊಳಗೆ ಹಾಕುವ ಉಕ್ಕಿನ ಸರಳಿನ ವ್ಯಾಸವನ್ನು ಮಿಲಿಮೀಟರ್‌ನಲ್ಲಿ ತೆಗೆದುಕೊಂಡು, ಅದರ ವರ್ಗವನ್ನು 162ರಿಂದ ಭಾಗಿಸಿದರೆ ಒಂದು ಮೀಟರ್ ಸರಳಿನ ತೂಕ ಕಿಲೋಗ್ರಾಂನಲ್ಲಿ ಸಿಗುತ್ತದೆ: 8 ಮಿ.ಮೀ. ಸರಳಿಗೆ ಸುಮಾರು 0.395, 16 ಮಿ.ಮೀ. ಸರಳಿಗೆ ಸುಮಾರು 1.58. ವ್ಯಾಸ ಎರಡರಷ್ಟಾದರೆ ತೂಕ ನಾಲ್ಕರಷ್ಟಾಗುತ್ತದೆ ಎಂಬುದು ಮನಸ್ಸಿನಲ್ಲಿ ಕುಳಿತವನಿಗೆ ಅಂದಾಜು ಪಟ್ಟಿಯ ತಪ್ಪು ನೋಡಿದೊಡನೆ ತಿಳಿಯುತ್ತದೆ. ಪ್ರತಿ ಸಾಲಿನ ಪಕ್ಕದಲ್ಲಿ ಅಳತೆಯನ್ನು ಯಾವ ನಕ್ಷೆಯ ಯಾವ ಪರಿಷ್ಕರಣೆಯಿಂದ ತೆಗೆದುಕೊಳ್ಳಲಾಗಿದೆ ಎಂದು ಬರೆದಿಡಬೇಕು. ಇದು ಬೇಸರದ ಕೆಲಸವೇ ಸರಿ, ಆದರೆ ನಕ್ಷೆ ಬದಲಾದಾಗ ಎಲ್ಲವನ್ನೂ ಮತ್ತೆ ಮೊದಲಿನಿಂದ ಎಣಿಸುವ ಕಷ್ಟವನ್ನು ಇದೊಂದೇ ತಪ್ಪಿಸುತ್ತದೆ.

ವೇಳಾಪಟ್ಟಿಯ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕಾಗಿದೆ, ಏಕೆಂದರೆ ವಿದ್ಯಾರ್ಥಿಗಳು ಇಲ್ಲಿ ಗಣಿತಕ್ಕೆ ಕೊಡುವ ಗಮನವನ್ನು ಕೆಲಸಗಳ ಕ್ರಮಕ್ಕೆ ಕೊಡುವುದಿಲ್ಲ. ಒಂದಕ್ಕೊಂದು ಕಾಯುವ ಕೆಲಸಗಳ ಅತಿ ಉದ್ದದ ಸರಣಿಯನ್ನು ಹುಡುಕಿ ಒಟ್ಟು ಅವಧಿಯನ್ನು ಲೆಕ್ಕ ಹಾಕುವ ಕ್ರಿಟಿಕಲ್ ಪಾತ್ ವಿಧಾನವು 1950ರ ದಶಕದ ಕೊನೆಯಲ್ಲಿ ಅಮೆರಿಕದ ಡುಪಾಂಟ್ ಮತ್ತು ರೆಮಿಂಗ್ಟನ್ ರ‍್ಯಾಂಡ್ ಕಂಪನಿಗಳ ಜಂಟಿ ಪ್ರಯತ್ನದಿಂದ ರೂಪುಗೊಂಡಿತು. ಹೊಸ ಸ್ಥಾವರಗಳ ನಿರ್ಮಾಣಕ್ಕೆ ಮಾತ್ರವಲ್ಲದೆ, ನಡೆಯುತ್ತಿರುವ ಸ್ಥಾವರವನ್ನು ದುರಸ್ತಿಗೆಂದು ನಿಲ್ಲಿಸುವ ಅವಧಿಯನ್ನು ಕಡಿಮೆ ಮಾಡಲೂ ಅದು ಆರಂಭದಲ್ಲಿಯೇ ಬಳಕೆಯಾಯಿತು. ಒಂದು ಸಣ್ಣ ಉದಾಹರಣೆ ನೋಡೋಣ. ತಳಪಾಯಕ್ಕೆ 10 ದಿನ, ಅದರ ನಂತರ ಗೋಡೆಗೆ 12 ದಿನ, ವಿದ್ಯುತ್ ಕೊಳವೆಗಳ ಜೋಡಣೆಗೆ 5 ದಿನ, ಇವೆರಡೂ ಮುಗಿದ ಮೇಲೆ ಪ್ಲಾಸ್ಟರಿಂಗ್‌ಗೆ 8 ದಿನ ಬೇಕು ಎಂದಿಟ್ಟುಕೊಳ್ಳಿ. ತಳಪಾಯ ಮುಗಿದೊಡನೆ ಕೊಳವೆಯ ಕೆಲಸವನ್ನೂ ಆರಂಭಿಸಬಹುದು ಎಂದು ಬರೆದರೆ ಒಟ್ಟು ಅವಧಿ 30 ದಿನವಾಗಿ, ಆ ಕೆಲಸಕ್ಕೆ 7 ದಿನಗಳ ಫ್ಲೋಟ್, ಅಂದರೆ ಒಟ್ಟು ಅವಧಿ ಹೆಚ್ಚಾಗದಂತೆ ತಡಮಾಡಬಹುದಾದ ಸಮಯ, ಉಳಿಯುತ್ತದೆ. ಆದರೆ ಕೊಳವೆಗಳನ್ನು ಕಟ್ಟಿದ ಗೋಡೆಯನ್ನು ಕೊರೆದು ಕೂರಿಸುವುದಾದರೆ ಗೋಡೆ ಮುಗಿಯುವವರೆಗೆ ಕಾಯಲೇಬೇಕು. ಆಗ ಅವಧಿ 35 ದಿನವಾಗುತ್ತದೆ, ಫ್ಲೋಟ್ ಇಲ್ಲವಾಗುತ್ತದೆ. ಎರಡೂ ಲೆಕ್ಕಗಳಲ್ಲಿ ಕೂಡುವಿಕೆ ಸರಿಯಾಗಿಯೇ ಇದೆ, ವ್ಯತ್ಯಾಸ ಬಂದದ್ದು ಕೆಲಸಗಳ ಕ್ರಮದಿಂದ. ಹಾಗಾಗಿ ಒಂದು ಕೆಲಸವನ್ನು ಇನ್ನೊಂದಕ್ಕೆ ಜೋಡಿಸುವ ಪ್ರತಿ ಕೊಂಡಿಯ ಮುಂದೆಯೂ 'ಇದು ಅದಕ್ಕಾಗಿ ಏಕೆ ಕಾಯಬೇಕು' ಎಂಬ ಪ್ರಶ್ನೆಗೆ ಒಂದು ಸಾಲಿನ ಉತ್ತರವನ್ನು ಬರೆದು, ಸಾಧ್ಯವಾದರೆ ಕೆಲಸ ನಡೆಯುವ ಜಾಗದಲ್ಲಿರುವ ಮೇಸ್ತ್ರಿಯೊಬ್ಬರಿಗೆ ತೋರಿಸಬೇಕು.

ಕರಾರಿನ ವಿಷಯದಲ್ಲಿ ಯಾವ ಬದಲಾವಣೆಗೆ ಯಾರ ಲಿಖಿತ ಒಪ್ಪಿಗೆ ಬೇಕು, ವಿಳಂಬದ ಹೊಣೆ ಯಾರದು, ದೋಷ ಸರಿಪಡಿಸುವ ಅವಧಿ ಎಂದಿಗೆ ಮುಗಿಯುತ್ತದೆ ಎಂಬ ಮೂರನ್ನು ಹುಡುಕಿ ಗುರುತು ಹಾಕಿಕೊಂಡರೆ ಆರಂಭಕ್ಕೆ ಸಾಕು.

ಕಟ್ಟಡ ನಿರ್ವಹಣೆಯ ಅಸೈನ್‌ಮೆಂಟ್‌ನಲ್ಲಿ ಹೆಚ್ಚು ಫಲ ಕೊಡುವುದು ಜೀವಿತಾವಧಿ ವೆಚ್ಚದ ಲೆಕ್ಕ, ಅಂದರೆ ಕೊಳ್ಳುವ ಬೆಲೆಯ ಜೊತೆಗೆ ಬಳಸುವಷ್ಟು ಕಾಲ ನಡೆಸುವ ಖರ್ಚನ್ನೂ ಸೇರಿಸಿದ ಲೆಕ್ಕ. ಒಂದು ಪಂಪಿನ ಬೆಲೆ 100 ಘಟಕ, ವರ್ಷದ ವಿದ್ಯುತ್ ವೆಚ್ಚ 30. ಇನ್ನೊಂದರ ಬೆಲೆ 140, ವಿದ್ಯುತ್ ವೆಚ್ಚ 22. ಎರಡನೆಯದರಿಂದ ವರ್ಷಕ್ಕೆ 8 ಘಟಕ ಉಳಿಯುತ್ತದೆ. ಶೇ. 8ರ ಬಡ್ಡಿ ದರದಲ್ಲಿ 10 ವರ್ಷಗಳ ಈ ಉಳಿತಾಯದ ಇಂದಿನ ಮೌಲ್ಯ (ಮುಂದೆ ಸಿಗುವ ಹಣದಿಂದ ಬಡ್ಡಿಯನ್ನು ಕಳೆದು ಇಂದಿನ ಲೆಕ್ಕಕ್ಕೆ ತಂದ ಮೊತ್ತ) ಸುಮಾರು 53.7 ಆಗುವುದರಿಂದ, 40 ಘಟಕ ಹೆಚ್ಚು ಕೊಟ್ಟು ಎರಡನೆಯದನ್ನು ಕೊಳ್ಳುವುದು ಲಾಭಕರ. ಅದೇ ಕಟ್ಟಡವನ್ನು 5 ವರ್ಷ ಮಾತ್ರ ಬಳಸುವುದಾದರೆ ಆ ಮೌಲ್ಯ ಸುಮಾರು 32ಕ್ಕೆ ಇಳಿದು, ಅಗ್ಗದ ಪಂಪೇ ಸರಿಯಾಗುತ್ತದೆ. ಬಡ್ಡಿಯನ್ನು ಗಣಿಸದೆ ಲೆಕ್ಕ ಹಾಕಿದವರಿಗೆ 5 ವರ್ಷಕ್ಕೆ ಲಾಭನಷ್ಟ ಸಮವೆಂದೇ ತೋರುತ್ತದೆ. ಆದ್ದರಿಂದ ವರದಿಯಲ್ಲಿ ಅವಧಿ ಮತ್ತು ದರವನ್ನು ಉತ್ತರಕ್ಕಿಂತ ಮೊದಲೇ ಬರೆಯಬೇಕು, ಮತ್ತು ಅವೆರಡನ್ನೂ ಬದಲಿಸಿ ತೀರ್ಮಾನ ಎಲ್ಲಿ ತಿರುಗುತ್ತದೆ ಎಂದು ತೋರಿಸಬೇಕು.

ಕೊನೆಯ ಸೆಮಿಸ್ಟರ್‌ನ ಯೋಜನಾ ವರದಿಗೆ, ಕಟ್ಟಿದವರು ನಡೆಸುವವರಿಗೆ ಕೊಡಬೇಕಾದ ಹಸ್ತಾಂತರ ಕಡತವನ್ನೇ ವಿಷಯವಾಗಿ ತೆಗೆದುಕೊಳ್ಳಬಹುದು. ವಾಸ್ತವವಾಗಿ ಕಟ್ಟಿದಂತೆ ತಿದ್ದಿದ ನಕ್ಷೆಗಳು, ಉಪಕರಣಗಳ ಪಟ್ಟಿ, ವಾರಂಟಿ ಪತ್ರಗಳು, ಚಾಲನೆಗೆ ಮುನ್ನ ಮಾಡಿದ ಪರೀಕ್ಷೆಗಳ ದಾಖಲೆ ಇವುಗಳನ್ನು ಸೇರಿಸಿ, ಪ್ರತಿ ಉಪಕರಣಕ್ಕೂ ಒಂದೇ ಸಂಖ್ಯೆಯನ್ನು ಕೊಟ್ಟು, ಅದನ್ನೇ ನಕ್ಷೆಯಲ್ಲೂ ಪಟ್ಟಿಯಲ್ಲೂ ಉಪಕರಣದ ಮೇಲಿನ ಫಲಕದಲ್ಲೂ ಬಳಸಬೇಕು. ಫೆಸಿಲಿಟಿ ಮ್ಯಾನೇಜ್‌ಮೆಂಟ್‌ಗೆ ಐಎಸ್‌ಒ 41001:2018 ಎಂಬ ಅಂತರರಾಷ್ಟ್ರೀಯ ಮಾನದಂಡವಿದ್ದು, ವರದಿಯ ಚೌಕಟ್ಟಿಗೆ ಅದು ನೆರವಾಗುತ್ತದೆ. ಕಡತ ಸಿದ್ಧವಾದ ಮೇಲೆ ಅದನ್ನು ಆ ಕಟ್ಟಡವನ್ನು ಎಂದೂ ನೋಡಿರದ ಸಹಪಾಠಿಯೊಬ್ಬರಿಗೆ ಕೊಟ್ಟು, ಮೇಲಿನ ಅಂತಸ್ತಿನ ನೀರನ್ನು ನಿಲ್ಲಿಸುವ ವಾಲ್ವ್ ಎಲ್ಲಿದೆ, ಅದನ್ನು ತಲುಪಲು ಛಾವಣಿಯ ಹಲಗೆಯನ್ನು ಒಡೆಯಬೇಕಾಗುತ್ತದೆಯೇ ಎಂದು ಕೇಳಬೇಕು. ಉತ್ತರ ಸಿಗಲು ಅವರು ನಿಮ್ಮನ್ನೇ ಕೇಳಬೇಕಾಗಿ ಬಂದರೆ ಕಡತದ ಆ ಪುಟವನ್ನು ಮತ್ತೆ ಬರೆಯಬೇಕು.