ಬಲಕ್ಕೆ ಹೋಗಬೇಕಾದರೆ ಎಡಕ್ಕೆ ತಳ್ಳಿ

ವೇಲ್ಸ್‌ನ ಲಾಂಗಾಲೆನ್ ಕಾಲುವೆಯಲ್ಲಿ ಒಂದು ವಾರ ನ್ಯಾರೋಬೋಟ್ ಬಾಡಿಗೆಗೆ ಹಿಡಿದಿದ್ದೆವು. ಲೈಸೆನ್ಸ್ ಏನೂ ಕೇಳಲಿಲ್ಲ. ಸ್ವಲ್ಪ ಹೊತ್ತು ಹೇಳಿಕೊಟ್ಟು, 57 ಅಡಿ ಉದ್ದದ ದೋಣಿಯನ್ನು ನನ್ನ ಕೈಗೆ ಬಿಟ್ಟರು. ಅಗಲ ಮಾತ್ರ ಏಳಡಿಗೂ ಕಮ್ಮಿ.

ದೋಣಿ ನಡೆಸುವವರು ನಿಲ್ಲುವುದು ಹಿಂದೆ, ಬಾಲದ ಕಡೆ. ಚುಕ್ಕಾಣಿಯ ಹಿಡಿಕೆಗೆ ಟಿಲ್ಲರ್ ಅಂತಾರೆ. ಅದನ್ನು ಎಡಕ್ಕೆ ತಳ್ಳಿದರೆ ಮೂತಿ ಬಲಕ್ಕೆ ತಿರುಗುತ್ತದೆ. ಕೇಳೋಕೆ ಸುಲಭ, ಅಲ್ವಾ? ಮೊದಲ ತಿರುವಿನಲ್ಲೇ ಮುಂದೆ ಕೂತಿದ್ದ ನಮ್ಮ ಯಜಮಾನರು "ಎಡಕ್ಕೆ ಕಣೇ, ಎಡಕ್ಕೆ!" ಅಂತ ಕೂಗಿದರು. "ದೋಣಿ ಎಡಕ್ಕೋ, ಕೋಲು ಎಡಕ್ಕೋ?" ಅಂತ ಕೇಳುವಷ್ಟರಲ್ಲಿ ದೋಣಿ ಪೊದೆಯೊಳಗೆ ಹೊಕ್ಕಿತ್ತು. ಅಲ್ಲಿ ನೀರು ಆಳವಿಲ್ಲ, ಕೆಸರಿಗೆ ಕಚ್ಚಿಕೊಂಡಿತು. ಉದ್ದನೆ ಕಂಬದಿಂದ ದಡಕ್ಕೆ ಒತ್ತಿ, ಎಂಜಿನ್ ರಿವರ್ಸ್ ಹಾಕಿ ಬಿಡಿಸಿಕೊಂಡೆವು.

ನನ್ನ ತಪ್ಪು ಆತುರ. ತಳ್ಳಿದ ತಕ್ಷಣ ದೋಣಿ ತಿರುಗುವುದಿಲ್ಲ. ತಿರುಗಲಿಲ್ಲವಲ್ಲ ಅಂತ ಇನ್ನೂ ತಳ್ಳುತ್ತಿದ್ದೆ. ಆಮೇಲೆ ಜಾಸ್ತಿಯೇ ತಿರುಗಿ ಆ ದಡದಿಂದ ಈ ದಡಕ್ಕೆ ಹಾವಿನ ಹಾಗೆ ಹೋಗುತ್ತಿದ್ದೆ. ಸ್ವಲ್ಪ ತಳ್ಳಿ, ಮೂತಿ ಅಲುಗಿತು ಅನ್ನುವಾಗಲೇ ನೇರ ಮಾಡಬೇಕು. ದೋಣಿ ತಿರುಗುವುದು ಹೆಚ್ಚುಕಡಿಮೆ ನಡುವಿನಿಂದ. ಮೂತಿ ಒಂದು ಕಡೆ ಹೋದರೆ ಬಾಲ ಇನ್ನೊಂದು ಕಡೆ ಬೀಸುತ್ತದೆ. ಕಟ್ಟಿ ನಿಲ್ಲಿಸಿದ ದೋಣಿಗಳ ಪಕ್ಕದಲ್ಲಿ ಇದು ನೆನಪಿರಲಿ. ಅಲ್ಲಿ ಮೆಲ್ಲಗೂ ಹೋಗಬೇಕು. ಕಾಲುವೆಯ ಮಿತಿಯೇ ಗಂಟೆಗೆ 4 ಮೈಲಿ, ನಡಿಗೆಯ ವೇಗ.

ಇನ್ನೊಂದು ಮಾತು. ಪ್ರೊಪೆಲ್ಲರ್ ನೀರನ್ನು ಚುಕ್ಕಾಣಿಗೆ ದೂಡುತ್ತಿದ್ದರೆ ಮಾತ್ರ ಅದು ಸರಿಯಾಗಿ ಮಾತು ಕೇಳುತ್ತದೆ. ಹೆದರಿ ಎಂಜಿನ್ ನ್ಯೂಟ್ರಲ್‌ಗೆ ಹಾಕಿದರೆ ಟಿಲ್ಲರ್ ಸುಮ್ನೆ ಒಂದು ಕೋಲು.

ಮರುದಿನ ಪಾಂಟ್‌ಕಸುಲ್ತೆ ಮೇಲ್ಗಾಲುವೆ, ಅಂದರೆ ಕಾಲುವೆಯನ್ನೇ ಹೊತ್ತ ಸೇತುವೆ, ಬಂತು. 1805ರದ್ದು, ಡೀ ನದಿಯಿಂದ 126 ಅಡಿ ಎತ್ತರದಲ್ಲಿ ಕಬ್ಬಿಣದ ತೊಟ್ಟಿಯೊಳಗೆ ಕಾಲುವೆ ಹರಿಯುತ್ತದೆ. ನಡೆಯುವ ದಾರಿಯ ಕಡೆ ಕಂಬಿ ಇದೆ, ಇನ್ನೊಂದು ಕಡೆ ಏನೂ ಇಲ್ಲ. ರಾತ್ರಿ ನಿದ್ದೆ ಬಂದಿರಲಿಲ್ಲ. ಹೋದಮೇಲೆ ನೋಡಿದರೆ ಅಲ್ಲಿ ನನಗೆ ಕೆಲಸವೇ ಕಮ್ಮಿ. ತೊಟ್ಟಿ ಒಂದು ದೋಣಿಗಷ್ಟೇ ಸಾಕು, ಅದೇ ದೋಣಿಯನ್ನು ನೇರ ಹಿಡಿಯುತ್ತದೆ. ಮೆಲ್ಲಗೆ, ತಣ್ಣಗೆ ದಾಟಿದೆ.

ಪರೀಕ್ಷೆ ಇದ್ದದ್ದು ಆಚೆ. ದಾಟುತ್ತಲೇ ಲಾಂಗಾಲೆನ್ ಊರಿನ ಕಡೆಗೆ ಎಡಕ್ಕೆ ಕಡಿದಾದ ತಿರುವು. ಟಿಲ್ಲರ್ ಪೂರ್ತಿ ಬಲಕ್ಕೆ, ಒಂದು ಕ್ಷಣ ಎಂಜಿನ್ ಜೋರು. ಮುಂದಿನಿಂದ ಈ ಸಲ ಕೂಗು ಬರಲಿಲ್ಲ. ನೋಡಿದರೆ ಯಜಮಾನರು ಕಣ್ಣು ಮುಚ್ಚಿದ್ದರು.